ಜಾಡಿಯ ಹಿಂಗಿವಿ

ನಮ್ಮೂರಿನ ಅಡುಗೆಮನೆಗಳಲ್ಲಿ ನೋಡಿಕೊಂಡು ಕಾಲಿಡಬೇಕು. ಒಲೆಯ ಪಕ್ಕ, ಗೋಡೆಗೆ ಒಂದು ಗೇಣು ಬಿಟ್ಟು, ನೆಲದಲ್ಲಿ ಗುಳಿಗಳಿರುತ್ತವೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಗುಳಿ, ಒಂದೊಂದರಲ್ಲಿ ಒಂದೊಂದು ಮಣ್ಣಿನ ಜಾಡಿ. ಸೊಂಟದೆತ್ತರದ ಜಾಡಿ, ಉದ್ದ ಕತ್ತು, ಕತ್ತಿನ ಎರಡು ಕಡೆಗೂ ಕಿವಿಯಂಥ ಎರಡು ಹಿಡಿ. ತಳ ಮಾತ್ರ ಮೂಲಂಗಿಯ ಹಾಗೆ ಮೊನೆ. ತಾನಾಗಿ ನೆಟ್ಟಗೆ ನಿಲ್ಲುವ ಬುದ್ಧಿ ಅದಕ್ಕಿಲ್ಲ, ಅದಕ್ಕೇ ಗುಳಿ. ಮಗು ಹುಟ್ಟಿದ ಹನ್ನೊಂದನೆಯ ದಿನ ಬಾವಿಗೆ ಹಗ್ಗ ಬಿಟ್ಟರೆ ಆ ಮಗುವಿನ ಜಾಡಿ ಮೇಲೆ ಬರುತ್ತದೆ. ಸತ್ತಾಗ ಅದೇ ಬಾವಿಗೆ ಇಳಿಸುತ್ತೇವೆ. ನಡುವಿನ ಕಾಲದಲ್ಲಿ ಅದರೊಳಗೆ ಉಪ್ಪು, ಹುಣಸೆಹಣ್ಣು, ಸಂಡಿಗೆ ಏನು ಬೇಕಾದರೂ ತುಂಬಿಕೊಳ್ಳಬಹುದು. ಮದುವೆಯೆಂದರೆ ನಮ್ಮಲ್ಲಿ ಇಷ್ಟೇ: ಯಾವ ಮನೆಯಲ್ಲಿ ಸಂಸಾರ ಹೂಡುತ್ತಾರೋ ಆ ಮನೆಯ ಅಡುಗೆಮನೆಯಲ್ಲಿ ಗಂಡು ಹಾರೆ ಹಿಡಿದು ತನ್ನ ಕೈಯಾರೆ ಒಂದು ಹೊಸ ಗುಳಿ ತೋಡಬೇಕು. ಎರಡು ಜಾಡಿ ಅಕ್ಕಪಕ್ಕ ಕೂತವೆಂದರೆ ಆಯಿತು, ಮಿಕ್ಕಿದ್ದು ಊಟ.

ಆದರೆ ಹಾರೆ ಹಿಡಿಯುವ ಮೊದಲು ನನ್ನನ್ನು ಕರೆಯಬೇಕು. ನಾನು ಮುದ್ರೆ ತುಂಗಮ್ಮ. ಜಾಡಿಯ ಎರಡು ಕಿವಿಯ ಮೇಲೂ ಒಂದೊಂದು ಮುದ್ರೆ ಒತ್ತಿರುತ್ತದೆ. ಒಂದರಲ್ಲಿ ಮೊದಲಿಗೆ ಬಾಚಣಿಗೆ, ಬಾಗಿಲು, ಕಂಬ ಅಂತ ಮೂರು ಗುರುತು ಇದ್ದೇ ಇರುತ್ತವೆ. ಕಾಗದದ ತಲೆಯ ಮೇಲೆ ಶ್ರೀ ಹಾಕುತ್ತಾರಲ್ಲ, ಹಾಗೆ. ಅದು ಮುಂಗಿವಿ, ಒಲೆಯ ಕಡೆಗೆ ಕಾಣುವಂತೆ ಇಡಬೇಕು. ಇನ್ನೊಂದು ಹಿಂಗಿವಿ, ಅದು ಗೋಡೆಗೆ. ಮದುವೆ ಮಾತು ಬಂದಾಗ ಹೆಣ್ಣು ಗಂಡು ಇಬ್ಬರ ಮುಂಗಿವಿಯನ್ನೂ ಹಿರಿಯರ ಎದುರಿಗೆ ನಾನು ಓದಬೇಕು. ಬಾಚಣಿಗೆ ಬಾಗಿಲು ಕಂಬ ಆದಮೇಲೆ ಬರುವ ಗುರುತುಗಳು ಇಬ್ಬರದೂ ಒಂದೇ ಆಗಿದ್ದರೆ ಅವರು ಒಂದೇ ಕುಂಬಾರನ ಕೈಯವರು, ಅಂದರೆ ಅಣ್ಣ ತಂಗಿ. ಮದುವೆ ಇಲ್ಲ. ಅಷ್ಟೇ ಅಲ್ಲ, ಅವತ್ತಿನಿಂದ ಅವನು ಅವಳಿಗೆ ವರ್ಷಕ್ಕೊಂದು ಸೀರೆ ಕೊಡಬೇಕು, ಅವಳು ಅವನಿಗೆ ಹೋಳಿಗೆ ಮಾಡಿ ಹಾಕಬೇಕು.

ಈ ಕೆಲಸ ಅಪ್ಪನದು. ಅಪ್ಪ ಹೋದಾಗ ನನಗೆ ಇಪ್ಪತ್ತೆರಡು. ಹದಿನೈದು ದಿನ ಕಳೆಯುವಷ್ಟರಲ್ಲಿ ಮೊದಲ ಓದು ಬಂತು. ಯಾರದು ಅಂತೀರಿ, ನನ್ನದೇ. ಗಂಡು ಎದುರುಮನೆಯ ಹೊನ್ನಪ್ಪ, ಹಗ್ಗ ಹೊಸೆಯುವವನು, ಊರಿನ ಬಾವಿಗಳಿಗೆಲ್ಲ ಅವನದೇ ಹಗ್ಗ. ಎರಡು ವರ್ಷ ಬಾವಿಕಟ್ಟೆಯ ಹತ್ತಿರ ಹಗ್ಗದ ನೆಪದಲ್ಲಿ ಮಾತಾಡಿದ್ದೆವು. ನನ್ನ ಮುದ್ರೆ ನನಗೆ ಗೊತ್ತಿತ್ತು, ಎರಡು ಗುಡಿಸಲು ಒಂದು ಬಳೆ. ನಾನು ಓದಬಲ್ಲೆ ಅನ್ನುವ ಜಂಬಕ್ಕೆ ಅದನ್ನು ಮರಳಲ್ಲಿ ಬರೆದು ಅವನಿಗೆ ತೋರಿಸಿಯೂ ಇದ್ದೆ. ಅವನದು ನಾನು ನೋಡಿರಲಿಲ್ಲ. ಓದುವವರು ಮುಂಚಿತವಾಗಿ ನೋಡುವಂತಿಲ್ಲ.

ಊರಿಗೆ ಊರೇ ಅವನ ಅಡುಗೆಮನೆಯಲ್ಲಿ ತುಂಬಿತ್ತು. ತನ್ನ ಮದುವೆಗೆ ತಾನೇ ಓದುವ ಹುಡುಗಿ ನೆಟ್ಟಗೆ ಓದುತ್ತಾಳೋ ಗುಳುಂ ಮಾಡುತ್ತಾಳೋ ನೋಡಬೇಕಲ್ಲ. ನಾನು ಹೋಗಿ ಕೂತೆ. ಎದುರಿಗಿದ್ದ ಕಿವಿಯಲ್ಲಿ ಬಾಚಣಿಗೆಯೂ ಇಲ್ಲ, ಬಾಗಿಲೂ ಇಲ್ಲ. "ಜಾಡಿ ಹಿಂದುಮುಂದಾಗಿದೆ" ಅಂದು ನಕ್ಕು, ಎರಡೂ ಕೈ ಹಾಕಿ ತಿರುಗಿಸಿ, ಮುಂಗಿವಿಯನ್ನು ಗಟ್ಟಿಯಾಗಿ ಓದಿದೆ. ಬಾಚಣಿಗೆ, ಬಾಗಿಲು, ಕಂಬ. ಗುಡಿಸಲು. ಗುಡಿಸಲು. ಬಳೆ. ಎಲ್ಲರೂ ಹೊಗಳಿದರು, ಅಪ್ಪನ ಹೆಸರು ಉಳಿಸಿದೆ ಅಂದರು. ಹೊನ್ನಪ್ಪ ಒಳಗಿಂದ ಬೆಲ್ಲದಚ್ಚು ತಂದು ನನ್ನ ಕೈಗಿಟ್ಟು "ತಗೋ ತಂಗಿ" ಅಂದ. ನಾನು "ಕೊಡು ಅಣ್ಣ" ಅಂದೆ.

ಅಲ್ಲಿಂದ ಇಪ್ಪತ್ತೆಂಟು ವರ್ಷ ಅವನು ಸೀರೆ ಕೊಟ್ಟಿದ್ದಾನೆ, ನಾನು ಹೋಳಿಗೆ ಹಾಕಿದ್ದೇನೆ. ಎಂಥ ಸೀರೆಗಳು ಅಂತೀರಿ. ಒಂದು ವರ್ಷ ಗೋಣಿಚೀಲದ ಬಣ್ಣ, ಒಂದು ವರ್ಷ ಹಾಗಲಕಾಯಿ ಬಣ್ಣಕ್ಕೆ ನೇರಳೆ ಅಂಚು. ಅಂಗಡಿಯವರು ಅವನಿಗಾಗಿಯೇ ಎತ್ತಿಡುತ್ತಿದ್ದರೋ ಏನೋ. ನಾನು ತುಟಿ ಎರಡು ಮಾಡದೆ ಉಟ್ಟೆ. ಅವನೂ ಬೇರೆ ಮದುವೆ ಆಗಲಿಲ್ಲ, ನಾನೂ ಆಗಲಿಲ್ಲ. ಊರಿನವರು ಒಂದೆರಡು ವರ್ಷ ಕೇಳಿ ಆಮೇಲೆ ಸುಮ್ಮನಾದರು.

ಯಾಮಿನಿ ಎಂಬ ಹುಡುಗಿ ನಮ್ಮೂರಿಗೆ ಬಂದದ್ದು ಈ ಸಲದ ಮಾಘದಲ್ಲಿ. ಮೂವತ್ತು ದಾಟಿದವಳು, ಕನ್ನಡಕ, ಬೆನ್ನಿಗೆ ಚೀಲ. ಇವು ಗ್ರೀಕರ ಜಾಡಿಗಳು ಅಂದಳು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಯಾವುದೋ ದ್ವೀಪದಲ್ಲಿ ದ್ರಾಕ್ಷಿಯ ಹೆಂಡ ತುಂಬಿ ಹಡಗಿಗೆ ಹೇರುತ್ತಿದ್ದ ಜಾಡಿಗಳಂತೆ. "ಸಾಕಮ್ಮನ ಮೊಮ್ಮಗಳದು ಹೋದ ತಿಂಗಳು ಬಂದದ್ದು ಕಣಮ್ಮ" ಅಂದೆ. ಅದು ಹೇಗೆ ಅಂತ ಮೊದಲ ದಿನ ಕೇಳಿದಳು. ಎರಡನೆಯ ದಿನದಿಂದ ಕೇಳುವುದು ಬಿಟ್ಟಳು. ಜಾಣೆ.

ಅವಳ ಕೆಲಸ ಏನು ಅಂತ ವಿಚಾರಿಸಿದೆ. ಸಮುದ್ರದ ದೊಡ್ಡ ನಕ್ಷೆ ಹಾಸಿ ತೋರಿಸಿದಳು. ಒಂದೊಂದು ಬಂದರಿಗೆ ಒಂದೊಂದು ಚುಕ್ಕೆ. ಎರಡು ಬಂದರುಗಳಲ್ಲಿ ಒಂದೇ ಕುಂಬಾರನ ಜಾಡಿ ಸಿಕ್ಕಿದರೆ ಆ ಎರಡು ಚುಕ್ಕೆಗೆ ಒಂದು ಗೆರೆ, ಹೆಚ್ಚು ಸಿಕ್ಕಿದಷ್ಟೂ ಗೆರೆ ದಪ್ಪ. ಎಳೆಯುತ್ತ ಹೋದರೆ ಬಲೆಯ ಹಾಗಾಗುತ್ತದೆ. ಆ ಬಲೆ ನೋಡಿದರೆ ಯಾರು ಯಾರ ಜೊತೆ ವ್ಯಾಪಾರ ಮಾಡುತ್ತಿದ್ದರು, ಸರಕು ಯಾರ ಕೈ ದಾಟಿ ಹೋಗುತ್ತಿತ್ತು, ಯಾವ ಬಂದರು ಮುಚ್ಚಿದರೆ ಮಿಕ್ಕವರ ಹೊಟ್ಟೆಗೆ ತಣ್ಣೀರು ಬಟ್ಟೆ ಆಗುತ್ತಿತ್ತು, ಎಲ್ಲ ಗೊತ್ತಾಗುತ್ತದಂತೆ.

"ಒಂದೇ ಕುಂಬಾರನ ಜಾಡಿ ಇದ್ದವರಿಗೆ ನಂಟು ಹಾಕೋದು. ಇದನ್ನ ನಮ್ಮಪ್ಪ, ಅವರಪ್ಪ ಎಲ್ಲರೂ ಮಾಡ್ಕೊಂಡು ಬಂದಿದ್ದಾರೆ. ನಿಮ್ಮಲ್ಲಿ ಇದಕ್ಕೆ ಪದವಿ ಕೊಡ್ತಾರಾ?" ಅಂದೆ.

"ಇನ್ನೂ ಕೊಟ್ಟಿಲ್ಲ" ಅಂದಳು ಸಪ್ಪಗೆ.

ನನ್ನ ಅಡುಗೆಮನೆ ನೋಡುತ್ತೇನೆ ಅಂತ ಎದ್ದಳು. ಅಪ್ಪನ ಜಾಡಿ ಬಾವಿಗೆ ಇಳಿಸಿದ ಮೇಲೆ ಅವರ ಗುಳಿಯನ್ನು ಮುಚ್ಚಬೇಕಿತ್ತು. ಇವತ್ತು ನಾಳೆ ಅಂತ ಇಪ್ಪತ್ತೆಂಟು ವರ್ಷದಿಂದ ಅದರ ಮೇಲೆ ಒಂದು ಮೊರ ಮುಚ್ಚಿಟ್ಟಿದ್ದೆ. ಯಾಮಿನಿ ಹೊಸಿಲು ದಾಟಿ ನೇರವಾಗಿ ಮೊರದ ಮೇಲೆ ಕಾಲಿಟ್ಟಳು. ಪಾದ ಉಳುಕಿ ಕುಂಬಳಕಾಯಾಯಿತು. ಒಂದು ಜಾಡಿಯನ್ನೂ ನೋಡದೆ ಮೂರು ವಾರ ಊರಿನ ಚಾವಡಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಳು. ತಪ್ಪು ನನ್ನದು, ಹಾಗಾಗಿ ಅವಳ ಓಡಾಟವೆಲ್ಲ ನನ್ನ ಪಾಲಿಗೆ ಬಂತು.

ನಾನು ಓದಿದ್ದನ್ನೆಲ್ಲ ಬರೆದಿಡುವ ಮುದ್ರೆಯ ಪುಸ್ತಕ ನೋಡಿಕೊಂಡು, ಈವರೆಗೆ ಓದಿದ ಜಾಡಿಗಳದ್ದೆಲ್ಲ ಒಂದು ಪಟ್ಟಿ ಬರೆದುಕೊಟ್ಟೆ. ಯಾರು, ಯಾವ ಗುರುತು. ಬಾಚಣಿಗೆ ಬಾಗಿಲು ಕಂಬ ಬರೆಯಲಿಲ್ಲ, ಎಲ್ಲದಕ್ಕೂ ಇದ್ದೇ ಇರುತ್ತದಲ್ಲ ಅಂತ. ಅವಳು ಚಾವಡಿಯ ಗೋಡೆಗೆ ಇನ್ನೂರ ಹದಿಮೂರು ಮೊಳೆ ಹೊಡೆಸಿ, ಒಂದೊಂದರ ಕೆಳಗೆ ಒಬ್ಬೊಬ್ಬರ ಹೆಸರು ಅಂಟಿಸಿದಳು. ಒಂದೇ ಗುರುತಿನವರ ನಡುವೆ ಕೆಂಪು ಹುರಿ ಕಟ್ಟಿದಳು. ಹುರಿ ಹೊಸೆದು ಕೊಟ್ಟವನು ಹೊನ್ನಪ್ಪನೇ. ದಿನಕ್ಕೆರಡು ಸಲ ಬಂದು "ಇನ್ನೆಷ್ಟು ಬೇಕು ತಾಯಿ?" ಅಂತ ಕೇಳುವನು. ತನ್ನ ಮೊಳೆಯಿಂದ ನನ್ನ ಮೊಳೆಗೆ ಬಿಗಿದಿದ್ದ ಹುರಿಯನ್ನು ನೋಡುವನು, ಹೋಗುವನು. ಗಂಟು ಸಡಿಲವಿದೆಯೋ ಅಂತ ನೋಡ್ತಿದ್ದಾನೆ ಅಂತ ಯಾಮಿನಿ ತಿಳಿದಿದ್ದಳು.

ಬಲೆ ಮುಗಿದಾಗ ಅವಳ ಮುಖ ಹುಳ್ಳಗಾಯಿತು. "ಏನೋ ಸರಿಯಿಲ್ಲ. ಇದು ಬಲೆಯಲ್ಲ, ಗೊಂಚಲು ಗೊಂಚಲಾಗಿದೆ. ಒಂದು ಗೊಂಚಲಿಗೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ" ಅಂದಳು. ಅಷ್ಟರಲ್ಲಿ ಪಾದ ಊರುವಂತಾಗಿತ್ತು. ಕೋಲು ಹಿಡಿದು ನನ್ನ ಅಡುಗೆಮನೆಗೆ ಬಂದು, ಈ ಸಲ ಮೊರ ಬಳಸಿ ನಡೆದು, ನನ್ನ ಜಾಡಿಯ ಮುಂದೆ ಕೂತಳು. ಮುಂಗಿವಿ ನೋಡಿದಳು. ಬಾಚಣಿಗೆ ಬಾಗಿಲು ಕಂಬದ ಮೇಲೆ ಬೆರಳಿಟ್ಟಳು. ಆಮೇಲೆ ನಗಲು ಶುರುಮಾಡಿದಳು.

"ತುಂಗಮ್ಮನವರೇ, ಇದು ಕುಂಬಾರನ ಹೆಸರಲ್ಲ. ಈ ಮೂರು ಅಕ್ಷರಕ್ಕೆ ಇಂಥವರ ಅಧಿಕಾರದಲ್ಲಿ ಅಂತ ಅರ್ಥ. ಅವರಲ್ಲಿ ವರ್ಷಕ್ಕೊಬ್ಬ ಅಧಿಕಾರಿ ಇರ್ತಿದ್ದ. ಅವನ ಹೆಸರು ಒತ್ತಿದರೆ ಜಾಡಿ ಯಾವ ವರ್ಷದ್ದು ಅಂತ ತಿಳೀತಿತ್ತು. ನೀವು ಇಷ್ಟು ದಿನ ನನಗೆ ಕೊಟ್ಟದ್ದು ಇಸವಿ. ಕುಂಬಾರನ ಹೆಸರು ಇನ್ನೊಂದು ಕಿವಿಯಲ್ಲಿರುತ್ತೆ."

"ಇಸವಿ" ಅಂದೆ.

"ಹೌದು. ಕ್ಯಾಲೆಂಡರ್ ಇದ್ದ ಹಾಗೆ. ನಿಮ್ಮನೇಲೂ ಎದುರುಮನೇಲೂ ಒಂದೇ ವರ್ಷದ ಕ್ಯಾಲೆಂಡರ್ ನೇತಾಡ್ತಿದ್ರೆ ನೀವು ನಂಟರು ಆಗಿಬಿಡ್ತೀರಾ?"

ಅವಳು ನಗುತ್ತಲೇ ಇದ್ದಳು. ಪಾಪ, ಅವಳಿಗೇನು ಗೊತ್ತು. ನಮ್ಮಲ್ಲಿ ಈ ಮುದ್ರೆಯಿಂದ ಮದುವೆಗಳು ನಿಲ್ಲುತ್ತವೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ನಗು ನಿಂತಿತು. ನನಗೆ ಸಿಟ್ಟು ಬಂತು, ಮೈಯೆಲ್ಲ ಉರಿಯುವ ಸಿಟ್ಟು, ಆದರೆ ಯಾರ ಮೇಲೆ ಅಂತ ತಿಳಿಯಲಿಲ್ಲ. ಅಪ್ಪನ ಮೇಲೋ, ಎಂದೋ ಸತ್ತ ಆ ಅಧಿಕಾರಿಯ ಮೇಲೋ, ಜಾಡಿ ತಿರುಗಿಸಿದ ನನ್ನ ಎರಡು ಕೈಗಳ ಮೇಲೋ. ಅವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಯಾಮಿನಿ ಸುಮ್ಮನೆ ಉಂಡಳು.

ಮುಚ್ಚಿಡಬಹುದಿತ್ತು. ಒಂದು ದಿನ ಇಡೀ ಮುಚ್ಚಿಟ್ಟೆ ಕೂಡ. ಮರುದಿನ ಬೆಳಿಗ್ಗೆ ಹೋಗಿ ಊರ ಯಜಮಾನರಾದ ನಂಜೇಗೌಡರಿಗೆ ಹೇಳಿದೆ. ಅವರು ಚಾವಡಿಯಲ್ಲಿ ಜನ ಸೇರಿಸಿದರು. ಮುಂಗಿವಿ ಒಂದೇ ಅಂತ ನಿಂತುಹೋದ ಮದುವೆಗಳು ನನ್ನ ಪುಸ್ತಕದಲ್ಲಿ ಹದಿನಾಲ್ಕು. ಅವರಲ್ಲಿ ಹೆಚ್ಚಿನವರು ಬೇರೆ ಕಡೆ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರು. ನಾನು ವಿಷಯ ಹೇಳುತ್ತಿದ್ದ ಹಾಗೆ ಅಲ್ಲೊಬ್ಬರು ಇಲ್ಲೊಬ್ಬರು ನೆಲ ನೋಡತೊಡಗಿದರು. ಹೊನ್ನಪ್ಪ ಮೂಲೆಯಲ್ಲಿ ಕೂತು ತೆಂಗಿನ ನಾರು ಬಿಡಿಸುತ್ತಿದ್ದ, ತಲೆ ಎತ್ತಲಿಲ್ಲ. ಕೊನೆಗೆ ಗೌಡರು, ಇನ್ನು ಮೇಲೆ ಹಿಂಗಿವಿಯೇ ಲೆಕ್ಕ, ಊರಿನ ಎಲ್ಲ ಹಿಂಗಿವಿಗಳನ್ನೂ ತುಂಗಮ್ಮ ಓದಲಿ ಅಂತ ತೀರ್ಮಾನ ಕೊಟ್ಟರು. ಮೊದಲು ತಮ್ಮ ಮನೆಯಿಂದಲೇ ಆಗಲಿ ಅಂತ ದೊಡ್ಡಸ್ತಿಕೆ ತೋರಿಸಿದರು.

ಅದೇ ಅವರು ಮಾಡಿದ ತಪ್ಪು. ಗೌಡರ ಜಾಡಿ ತಿರುಗಿಸಿ ಮಸಿ ಒರೆಸಿದರೆ ಲಂಗರು. ಅವರ ಹೆಂಡತಿ ಸಾಕಮ್ಮನ ಜಾಡಿ ತಿರುಗಿಸಿದರೆ ಅಲ್ಲೂ ಅದೇ ಲಂಗರು, ಅದೇ ಅಕ್ಷರ. ನಲವತ್ತೊಂದು ವರ್ಷ ಸಂಸಾರ ಮಾಡಿದವರು. ಗೌಡರು ಗೋಡೆ ಹಿಡಿದುಕೊಂಡರು. ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಕಣ್ಣೀರು ತಂದುಕೊಂಡಳು. "ಅದಕ್ಕೇ ನಾನು ಹೇಳಿದ ಮಾತು ಒಂದೂ ಇವರ ಕಿವಿಗೆ ಬೀಳ್ತಿರಲಿಲ್ಲ. ಒಡಹುಟ್ಟಿದವರು ಎಲ್ಲಿ ಕೇಳ್ತಾರೆ?" ಅಂದಳು. ಆಮೇಲೆ ಒಂದು ವಾರ ಪೂರ್ತಿ ಅವಳು ಅವರಿಗೆ "ಅಣ್ಣಯ್ಯ, ಮಜ್ಜಿಗೆ ಹಾಕಲಾ?" "ಅಣ್ಣಯ್ಯ, ನಲವತ್ತೊಂದು ಸೀರೆ ಬಾಕಿ ಇದೆ" ಅಂತ ಹಜಾರದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಎಂಟನೆಯ ದಿನ ಗೌಡರು ಇನ್ನೊಂದು ಸಭೆ ಕರೆದು, ಎರಡು ಜಾಡಿ ಒಂದೇ ಒಲೆಯ ಪಕ್ಕ ಕೂತಾದ ಮೇಲೆ ಯಾರೂ ಅವುಗಳ ಕಿವಿ ವಿಚಾರಿಸುವಂತಿಲ್ಲ ಅಂತ ಹೊಸ ಕಟ್ಟಳೆ ಮಾಡಿದರು. ಎಲ್ಲರೂ ಒಪ್ಪಿದರು, ಯಾಕಂದರೆ ಎಲ್ಲರ ಮನೆಯಲ್ಲೂ ಜಾಡಿಗಳಿದ್ದವು.

ನಾನು ಹಿಂಗಿವಿ ಓದುತ್ತ ಹೋದೆ. ಯಾಮಿನಿ ಹಳೆಯ ಹುರಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟುತ್ತ ಬಂದಳು. ಈ ಸಲ ಅವಳ ಮುಖದಲ್ಲಿ ಕಳೆ ಇತ್ತು. ಒಂದು ಕಿವಿಯಿಂದ ಕುಂಬಾರ, ಇನ್ನೊಂದರಿಂದ ಇಸವಿ, ಎರಡೂ ಸೇರಿದರೆ ಯಾವ ಕುಂಬಾರ ಯಾರ ಜೊತೆಗಿದ್ದ, ಯಾರು ಮೊದಲು ಯಾರು ಆಮೇಲೆ ಎಲ್ಲ ಕಾಣುತ್ತದೆ ಅಂತ ಕುಣಿದಾಡಿದಳು, ಒಂದೇ ಕಾಲಿನಲ್ಲಿ. ನನ್ನದನ್ನು ನಾನು ಮೊದಲನೆಯ ದಿನವೇ ಓದಿಕೊಂಡಿದ್ದೆ. ದ್ರಾಕ್ಷಿ ಗೊಂಚಲು. ನಾಲ್ಕು ವಾರ ಕಳೆಯುವಷ್ಟರಲ್ಲಿ ದ್ರಾಕ್ಷಿಯವರು ಹತ್ತೊಂಬತ್ತು ಜನ ಆದರು, ಊರಿಗೇ ದೊಡ್ಡ ಬಳಗ.

ಕೊನೆಗೆ ಗೋಡೆಯ ಮೇಲೆ ಒಂದೇ ಒಂದು ಮೊಳೆ ಬರಿದಾಗಿ ಉಳಿಯಿತು.

"ಇವರದೊಂದು ಯಾಕೆ ಬಿಟ್ಟಿದ್ದೀರಿ? ನಿಮ್ಮ ಎದುರುಮನೆಯೇ ಅಲ್ವಾ?" ಅಂದಳು ಯಾಮಿನಿ.

"ಹೋಗ್ತೀನಿ."

"ಇವರದೂ ದ್ರಾಕ್ಷಿನೇ ಇರಬೇಕು. ನೋಡಿ, ನಿಮ್ಮ ಇಸವಿಯವರಲ್ಲಿ ಮುಕ್ಕಾಲು ಪಾಲು ದ್ರಾಕ್ಷಿನೇ."

ಮೂರು ದಿನ ಹೋಗಲಿಲ್ಲ. ದ್ರಾಕ್ಷಿ ಬಂದರೆ ಅವನು ನಿಜವಾಗಿಯೂ ಅಣ್ಣನಾಗುತ್ತಾನೆ, ಆ ಬಾಗಿಲು ಮತ್ತೆ ಮುಚ್ಚುತ್ತದೆ. ಬರದಿದ್ದರೆ ಇಪ್ಪತ್ತೆಂಟು ವರ್ಷ ನಾನು ಒಂದು ಇಸವಿಗೆ ಹೆದರಿ ಕೂತಿದ್ದೆ ಅಂತಾಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕು ಅಂತಲೇ ಗೊತ್ತಾಗಲಿಲ್ಲ. ಐವತ್ತು ವರ್ಷದ ಹೆಂಗಸು, ರಸ್ತೆ ದಾಟಲಾರದೆ ಹೊಸಿಲವರೆಗೆ ಹೋಗಿ ಹೋಗಿ ತಿರುಗಿ ಬಂದೆ, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ದಿನ ಮಧ್ಯಾಹ್ನ ಹೋದೆ. ಹೊನ್ನಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹಗ್ಗ ಹೊಸೆಯಲು ಇಬ್ಬರು ಬೇಕು. ಅವನು ಮೊದಲಿನಿಂದಲೂ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಒಬ್ಬನೇ ಹೊಸೆಯುತ್ತಾನೆ. ನನ್ನನ್ನು ನೋಡಿ "ಬಂದ್ಯಾ. ಇದೊಂದು ಎಳೆ ಮುಗಿದುಬಿಡಲಿ, ಆ ತುದಿ ಸ್ವಲ್ಪ ಹಿಡಿ" ಅಂದ. ಕಂಬದಿಂದ ಬಿಚ್ಚಿ ಹಿಡಿದುಕೊಂಡೆ. ಹಗ್ಗ ಮುಗಿಯುವವರೆಗೂ ಹಿಡಿದೇ ನಿಂತಿದ್ದೆ.

ಅಡುಗೆಮನೆಯಲ್ಲಿ ಜಾಡಿ ನಾನು ಅವತ್ತು ತಿರುಗಿಸಿಟ್ಟ ಹಾಗೆಯೇ ಇತ್ತು. ಮಸಿ ಒರೆಸಲು ಒದ್ದೆ ಬಟ್ಟೆ ತಂದಿದ್ದೆ. ಎರಡೂ ಕೈ ಹಾಕಿ ತಿರುಗಿಸಿದೆ. ಬಟ್ಟೆ ಬೇಕಾಗಲಿಲ್ಲ. ಊರಿನ ಇನ್ನೂರ ಹನ್ನೆರಡು ಹಿಂಗಿವಿಗಳಲ್ಲಿ ಬೆರಳು ದಪ್ಪ ಮಸಿ ಇತ್ತು, ಇದು ತೊಳೆದಿಟ್ಟ ಹಾಗಿತ್ತು. ದ್ರಾಕ್ಷಿ ಇರಲಿಲ್ಲ. ಒಂದು ಮೀನು, ಬಾಲ ಎತ್ತಿಕೊಂಡು ನಗುತ್ತಿರುವ ಮೀನು.

"ನೀನು ಇದನ್ನ ನೋಡ್ತಾ ಇದ್ದೆ" ಅಂದೆ.

"ಆಗಾಗ. ಅವತ್ತು ನೀನು ಮರಳಲ್ಲಿ ಬರೆದು ತೋರಿಸಿದೆಯಲ್ಲ, ಮನೆಗೆ ಬಂದು ನೋಡಿಕೊಂಡೆ, ನನ್ನದೂ ಅದೇ ಗುಡಿಸಲು. ಹಿಂದುಗಡೆ ನೋಡಿದರೆ ಮೀನು ಇತ್ತು. ಅದನ್ನೇ ಮುಂದೆ ಮಾಡಿಟ್ಟೆ."

"ನಾನು ತಿರುಗಿಸಿಬಿಟ್ಟೆ."

"ತಿರುಗಿಸಿದೆ."

"ಬೇಡ ಅನ್ನಬಾರದಿತ್ತಾ, ಹೊನ್ನಪ್ಪ?"

ಅವನು ಕೈಗೆ ಅಂಟಿದ್ದ ನಾರು ಒರೆಸಿಕೊಂಡ. "ಊರೆಲ್ಲ ನಿನ್ನನ್ನೇ ನೋಡ್ತಿತ್ತು. ಜಾಡಿ ತಿರುಗಿಸಿ ಇಟ್ಟವನು ನಾನು, ಬೇಡ ಅಂದಿದ್ರೆ ನೀನೇ ಹೇಳಿಕೊಟ್ಟು ಮೋಸ ಮಾಡಿಸಿದೆ ಅಂತಿದ್ರು. ಹದಿನೈದು ದಿನದ ಕೆಲಸ ನಿನ್ನದು."

ಅಲ್ಲೇ ಗುಳಿಯ ಪಕ್ಕ ಕೂತು ಅತ್ತೆ. ಅವನು ಒಂದು ಚೊಂಬು ನೀರು ತಂದಿಟ್ಟ. ಸ್ವಲ್ಪ ಹೊತ್ತಾದ ಮೇಲೆ ನನಗೆ ಬೇರೆ ವಿಷಯ ನೆನಪಾಯಿತು.

"ಅದಿರಲಿ, ಆ ಹಾಗಲಕಾಯಿ ಬಣ್ಣದ ಸೀರೆ ಯಾಕೆ ತಂದೆ?"

"ಕೆಟ್ಟದು ತಂದರೆ ಬೈಯೋಕಾದರೂ ಬರ್ತೀಯ ಅಂತ" ಅಂದ. "ಪ್ರತಿ ವರ್ಷ ಹುಡುಕಿ ಹುಡುಕಿ ತಂದೆ. ನೀನು ಉಟ್ಟುಬಿಡ್ತಿದ್ದೆ."

ಚಾವಡಿಗೆ ಹೋಗಿ ಮೀನು ಅಂದೆ. ಯಾಮಿನಿ ಪಟ್ಟಿಯನ್ನೆಲ್ಲ ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು. ಮೊಳೆಯ ಹತ್ತಿರ ನಿಂತು, ಕಟ್ಟಲು ಸಿದ್ಧವಾಗಿ ಹಿಡಿದಿದ್ದ ಹುರಿಯನ್ನು ಕೆಳಗಿಳಿಸಿದಳು. ಅವಳ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು.

"ಪಾಪ. ಇಡೀ ಊರಲ್ಲಿ ಮೀನು ಇವರೊಬ್ಬರದೇ. ಯಾರಿಗೂ ಹುರಿ ಕಟ್ಟೋ ಹಾಗಿಲ್ಲ. ನಿಮಗೂ ಅವರಿಗೂ ಇದ್ದದ್ದೂ ಹೋಯ್ತು, ತುಂಗಮ್ಮನವರೇ. ಏನೇನೂ ಸಂಬಂಧ ಇಲ್ಲ."

ನಗಲು ಶುರುಮಾಡಿದ ನನಗೆ ನಿಲ್ಲಿಸಲು ಆಗಲಿಲ್ಲ. ಸಾಕಮ್ಮ ಹೊರಗಿನಿಂದ ಇಣುಕಿದಳು, ಗೋಡೆ ನೋಡಿದಳು, ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ಯಾಮಿನಿಯ ಪಕ್ಕ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು. ಯಾಮಿನಿ ಆ ಬರಿದಾದ ಮೊಳೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಹೊನ್ನಪ್ಪ ಹೆಗಲ ಮೇಲೆ ಹಾರೆ ಹೊತ್ತುಕೊಂಡು ಹೊಸಿಲಲ್ಲಿ ನಿಂತ. ತನ್ನ ಮನೆಯಲ್ಲಿ ನಾರು ತುಂಬಿ ಕಾಲಿಡಲು ಜಾಗವಿಲ್ಲವಂತೆ, ಅದಕ್ಕೆ ಇಲ್ಲಿಗೇ ಬಂದನಂತೆ. ಮೊರ ಸರಿಸಿ ಅಪ್ಪನ ಗುಳಿ ನೋಡಿ, "ತೋಡಿದ್ದು ಇದೆಯಲ್ಲ, ಇದರಲ್ಲೇ ಇಟ್ಟರಾಯ್ತು" ಅಂದ. ಐವತ್ತಮೂರಾಗಿದೆ, ನೆಲ ಗಟ್ಟಿಯಿದೆ, ಸೋಮಾರಿ.

"ಅದನ್ನ ಮುಚ್ಚು. ಹೊಸದು ತೋಡು" ಅಂದೆ. ಇಪ್ಪತ್ತೆಂಟು ವರ್ಷದ ಅಭ್ಯಾಸ ನಾಲಿಗೆಗೆ, ಬಿಡಬೇಕಲ್ಲ. "ಇಲ್ಲಿ ಬಾ ಅಣ್ಣ, ಒಲೆಯಿಂದ ಈಚೆಗೆ."

ಅವನು ಹಾರೆ ಕೆಳಗಿಟ್ಟು ನನ್ನನ್ನೇ ನೋಡಿದ. "ಇನ್ನೊಂದು ಸಲ ಹಾಗೆ ಕರೆದರೆ ಸೀರೆ ತರ್ತೀನಿ" ಅಂದ.

ನಾನು ಬಾಯಿ ಮುಚ್ಚಿಕೊಂಡು, ಎಲ್ಲಿ ತೋಡಬೇಕು ಅಂತ ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ.